ಎರವಲು ವಿಷದ ಕಾಲರಾ

2009ರ ಮೇ ತಿಂಗಳ ಮೊದಲ ವಾರ ಹೈದರಾಬಾದಿನ ಭೋಲಕ್‌ಪುರದಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ನೋಡನೋಡುತ್ತಿದ್ದಂತೆ ನೂರಾರು ಮಂದಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ತೊಗಲಿನ ಗೋದಾಮುಗಳು, ಪ್ಲಾಸ್ಟಿಕ್ ಗುಜರಿ ಅಂಗಡಿಗಳು, ಎದುರಿಗೊಬ್ಬರು ಬಂದರೆ ಗೋಡೆಗೆ ಆತು ನಿಲ್ಲಬೇಕಾದ ಓಣಿಗಳು. ಆ ಓಣಿಗಳ ನೆಲದಡಿ ಕುಡಿಯುವ ನೀರಿನ ಹಳೆಯ ಪೈಪೂ ಒಳಚರಂಡಿಯೂ ಅಕ್ಕಪಕ್ಕದಲ್ಲೇ ಸಾಗಿದ್ದವು, ಚರಂಡಿ ನೀರು ಪೈಪಿಗೆ ಇಳಿದಿತ್ತು. ಹೊತ್ತು ಗೊತ್ತಿಗೆ ಮಾತ್ರ ನೀರು ಬಿಡುವ ನಗರಗಳಲ್ಲಿ ಇದು ಹಳೆಯ ಕಾಯಿಲೆ: ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿದು, ಬಿರುಕು ಇದ್ದ ಕಡೆಯಿಂದ ಹೊರಗಿನ ಕೊಳೆ ಒಳಕ್ಕೆ ಬರುತ್ತದೆ.

ಭೋಲಕ್‌ಪುರದಿಂದ ಅದೇ ನಗರದ ಹಿಮಾಯತ್‌ನಗರ ಬಡಾವಣೆ ಎರಡು ಮೂರು ಕಿಲೋಮೀಟರ್ ದೂರ. ನಡುವೆ ದೋಮಲ್‌ಗೂಡ, ಇಂದಿರಾ ಪಾರ್ಕ್. ಹುಸೇನ್ ಸಾಗರದ ಹೆಚ್ಚುವರಿ ನೀರನ್ನು ಮೂಸಿ ನದಿಗೆ ಒಯ್ಯುವ ನಾಲಾ ಈ ಬಡಾವಣೆಗಳ ಮಗ್ಗುಲಲ್ಲೇ ಸಾಗಿ ನಲ್ಲಕುಂಟ, ಅಂಬರ್‌ಪೇಟ್ ದಾಟುತ್ತದೆ. ನಲ್ಲಕುಂಟದಲ್ಲಿ ಸರ್ ರೊನಾಲ್ಡ್ ರಾಸ್ ಹೆಸರಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಿದೆ. ನಗರಕ್ಕೆ ಅದು ಫೀವರ್ ಆಸ್ಪತ್ರೆ, ಹಳಬರ ಬಾಯಲ್ಲಿ ಕೋರಂಟಿ. ಹಿಮಾಯತ್‌ನಗರದ ಆಸುಪಾಸು ಕನ್ನಡಿಗರಿಗೂ ಹೊಸದಲ್ಲ. ಹತ್ತಿರದ ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಬೀದರ್, ಕಲಬುರಗಿ, ರಾಯಚೂರಿನವರು ದೊಡ್ಡ ಕಾಯಿಲೆ ಬಂದರೆ ಇಂದಿಗೂ ಹೈದರಾಬಾದಿನ ಬಸ್ಸನ್ನೇ ಹತ್ತುತ್ತಾರೆ.

ಭೋಲಕ್‌ಪುರದ ಸುದ್ದಿ ಕೆಲವು ವಾರ ಪತ್ರಿಕೆಗಳಲ್ಲಿದ್ದು ಮರೆಯಾಯಿತು. ಪೈಪು ಯಾರು ಬದಲಿಸಬೇಕಿತ್ತು, ತಪ್ಪು ಯಾರದು ಎಂಬ ಜಗಳವೇ ಅದರಲ್ಲಿ ಹೆಚ್ಚಿತ್ತು. ಹೈದರಾಬಾದಿನ ಆ ಕಾಲರಾ ರೋಗಿಗಳಿಂದ ತೆಗೆದ ರೋಗಾಣುವನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಕೂಲಂಕಷವಾಗಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿ ಮಾತ್ರ ಜನಸಾಮಾನ್ಯರವರೆಗೆ ಬರಲೇ ಇಲ್ಲ. ಅವರಿಗೆ ಕಂಡದ್ದು ಬೆರಕೆ ರೋಗಾಣು. ಅದರ ಮೈ ಒಂದು ತಳಿಯದು, ವಿಷ ಇನ್ನೊಂದು ತಳಿಯದು.

ಕಾಲರಾ ರೋಗಾಣುವಿನ ಹೆಸರು ವಿಬ್ರಿಯೊ ಕಾಲರೆ. ಇದರಲ್ಲಿ ಊರೂರು ಅಲೆದು ಜನರನ್ನು ಕೊಂದ ತಳಿಗಳು ಎರಡು. ಹತ್ತೊಂಬತ್ತನೇ ಶತಮಾನದಿಂದ ಇಪ್ಪತ್ತನೇ ಶತಮಾನದ ಆರಂಭದವರೆಗೆ ಲೋಕ ಸುತ್ತಿದ ಆರು ಕಾಲರಾ ಅಲೆಗಳಿಗೆ ‘ಕ್ಲಾಸಿಕಲ್’ ತಳಿ ಕಾರಣವೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಏಳನೇ ಅಲೆ 1961ರಲ್ಲಿ ಇಂಡೊನೇಷ್ಯಾದ ಸುಲಾವೆಸಿಯಲ್ಲಿ ಎದ್ದಿತು. ಅದನ್ನು ತಂದದ್ದು ‘ಎಲ್ ಟಾರ್’ ತಳಿ. 1964ರಲ್ಲಿ ಅದು ಭಾರತಕ್ಕೆ ಬಂತು. ಕ್ಲಾಸಿಕಲ್ ತಳಿ ಹೊಕ್ಕವರನ್ನು ನೆಲ ಹಿಡಿಸುತ್ತಿತ್ತು. ಎಲ್ ಟಾರ್ ಅಷ್ಟು ಉಗ್ರವಲ್ಲ. ಸೋಂಕು ತಗುಲಿದ ಬಹಳ ಮಂದಿಗೆ ಗೊತ್ತೇ ಆಗದಂತೆ ಬಂದು ಹೋಗುತ್ತದೆ. ಆದರೆ ನೀರಿನಲ್ಲಿ ಹೆಚ್ಚು ದಿನ ಬದುಕುತ್ತದೆ, ಆರೋಗ್ಯವಂತರಂತೆ ಓಡಾಡುವವರ ಹೊಟ್ಟೆಯಲ್ಲೇ ಊರಿಂದೂರಿಗೆ ಹೋಗುತ್ತದೆ. ಹೀಗಾಗಿ ಕೆಲವೇ ದಶಕಗಳಲ್ಲಿ ಕ್ಲಾಸಿಕಲ್ ತಳಿ ಮೂಲೆಗೆ ಸರಿದು, ಎಲ್ಲೆಡೆ ಎಲ್ ಟಾರ್ ಉಳಿಯಿತು.

ಹೈದರಾಬಾದಿನ ರೋಗಾಣು ಮೈಯಿಂದ ಎಲ್ ಟಾರ್. ವಿಷ ತಯಾರಿಸುವ ವಂಶವಾಹಿ ಮಾತ್ರ ಕ್ಲಾಸಿಕಲ್ ತಳಿಯದು.

ಕಾಲರಾದಲ್ಲಿ ಕೊಲ್ಲುವುದು ರೋಗಾಣು ಉಗುಳುವ ವಿಷ ಎಂಬುದನ್ನು 1959ರಲ್ಲಿ ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಕೋಲ್ಕತ್ತದ ಶಂಭುನಾಥ್ ದೇ. ಆ ವಿಷದಲ್ಲಿ ಎರಡು ಬಗೆಯ ಭಾಗಗಳಿವೆ. ‘ಬಿ’ ಭಾಗದ ಐದು ತುಣುಕುಗಳು ಉಂಗುರದ ಹಾಗೆ ಕೂಡಿ ಕರುಳಿನ ಕೋಶವನ್ನು ಹಿಡಿದುಕೊಳ್ಳುತ್ತವೆ. ‘ಎ’ ಭಾಗ ಒಳನುಗ್ಗಿ ಕೋಶದಿಂದ ಉಪ್ಪು ಹೊರಹೋಗುವಂತೆ ಮಾಡುತ್ತದೆ. ಉಪ್ಪಿನ ಹಿಂದೆ ನೀರು. ತೀವ್ರ ಕಾಲರಾದಲ್ಲಿ ದೊಡ್ಡವರೊಬ್ಬರ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಕ್ಲಾಸಿಕಲ್ ಮತ್ತು ಎಲ್ ಟಾರ್ ವಿಷಗಳ ‘ಬಿ’ ಭಾಗದಲ್ಲಿ ಇರುವ ವ್ಯತ್ಯಾಸ ಎರಡೇ ಕಡೆ: 39ನೇ ಮತ್ತು 68ನೇ ಅಮೈನೊ ಆಮ್ಲ. ಗ್ವಾಲಿಯರ್‌ನವರು ಹುಡುಕಿದ್ದು ಈ ಗುರುತನ್ನೇ. ಹೈದರಾಬಾದಿನ ಎಲ್ ಟಾರ್‌ನಲ್ಲಿ ಆ ವಂಶವಾಹಿ ಕ್ಲಾಸಿಕಲ್ ತಳಿಯದಕ್ಕೇ ತಾಳೆಯಾಯಿತು.

ಹೈದರಾಬಾದ್ ಇದರಲ್ಲಿ ಒಂಟಿಯೂ ಅಲ್ಲ, ಮೊದಲನೆಯದೂ ಅಲ್ಲ. ಇಂಥ ‘ಬದಲಾದ ಎಲ್ ಟಾರ್’ ತಳಿಗಳು ಬಾಂಗ್ಲಾದೇಶದಲ್ಲಿ ಹಳೆಯ ಎಲ್ ಟಾರ್ ಅನ್ನು ಹಿಂದಕ್ಕೆ ತಳ್ಳಿರುವುದು 2006ರ ಹೊತ್ತಿಗೇ ವರದಿಯಾಗಿತ್ತು. 2010ರಲ್ಲಿ ದೂರದ ಹೈಟಿ ದೇಶಕ್ಕೆ ಕಾಲರಾ ಹೊಕ್ಕು ಸಾವಿರಾರು ಮಂದಿಯನ್ನು ಕೊಂದಾಗ, ಆ ರೋಗಾಣುವೂ ದಕ್ಷಿಣ ಏಷ್ಯಾದ ಇದೇ ಬೆರಕೆ ವಂಶದ್ದೆಂದು ಗೊತ್ತಾಯಿತು. ಉಗ್ರವಾದ ವಿಷವೂ ಉಂಟು, ನೀರಿನಲ್ಲಿ ಬದುಕುವ ಗಟ್ಟಿತನವೂ ಉಂಟು. ಬೇರೆಬೇರೆ ಎರಡು ವಂಶಗಳಲ್ಲಿ ಇದ್ದ ಗುಣಗಳು ಒಂದೇ ಮೈಯಲ್ಲಿ ಕೂಡಿಕೊಂಡವು.

ಕೂಡಿಕೊಂಡದ್ದು ಹೇಗೆ? ಶಾಲೆಯಲ್ಲಿ ನಾವು ಓದಿದ ವಿಕಾಸದ ಪಾಠ ಇಲ್ಲಿ ಅರ್ಧದಲ್ಲೇ ನಿಲ್ಲುತ್ತದೆ. ಬ್ಯಾಕ್ಟೀರಿಯಾಕ್ಕೆ ತಂದೆ ತಾಯಿ ಇಲ್ಲ. ಒಂದು ಸೀಳಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಡಿಎನ್‌ಎ ನಕಲಿಸುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಅನುಕೂಲವಾದರೆ ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ. ಇಷ್ಟೇ ಆಗಿದ್ದರೆ ಪ್ರತಿ ವಂಶವೂ ತನಗೆ ಬೇಕಾದ್ದನ್ನೆಲ್ಲ ತಾನೇ ಮೊದಲಿನಿಂದ ಕಂಡುಕೊಳ್ಳಬೇಕಿತ್ತು. ಒಂದು ವಂಶದ ಒಳ್ಳೆಯ ಬದಲಾವಣೆ ಇನ್ನೊಂದಕ್ಕೆ ಎಂದೂ ಸಿಗುತ್ತಿರಲಿಲ್ಲ.

ಆದರೆ ಬ್ಯಾಕ್ಟೀರಿಯಾಗಳು ವಂಶವಾಹಿಗಳನ್ನು ಮಕ್ಕಳಿಗೆ ಮಾತ್ರ ಕೊಡುವುದಿಲ್ಲ, ನೆರೆಯವರಿಗೂ ಕೊಡುತ್ತವೆ. ಹೊರಗಿನಿಂದ ಬಂದ ಡಿಎನ್‌ಎ ತುಂಡು ತಮ್ಮದರೊಡನೆ ಸಾಕಷ್ಟು ಹೋಲುತ್ತಿದ್ದರೆ, ಕೋಶದೊಳಗಿನ ಕಿಣ್ವಗಳು ಎರಡನ್ನೂ ಅಕ್ಕಪಕ್ಕ ಇಟ್ಟು, ಹಳೆಯದನ್ನು ಕತ್ತರಿಸಿ ಹೊಸದನ್ನು ಹೊಲಿದುಬಿಡುತ್ತವೆ. ಈ ಕೆಲಸದ ಯಜಮಾನ ‘ರೆಕ್‌ಎ’ ಎಂಬ ಪ್ರೋಟೀನ್. ಇದೇ ವಂಶವಾಹಿ ಮರುಸಂಯೋಜನೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿಯುವ ಕೌದಿಯ ಹಾಗೆ, ಇಂದಿನ ಎಷ್ಟೋ ರೋಗಾಣುಗಳ ಡಿಎನ್‌ಎಯಲ್ಲಿ ಯಾವ ತುಂಡು ಯಾವ ಮನೆಯಿಂದ ಬಂತೆಂದು ಗುರುತಿಸಬಹುದು.

ತುಂಡುಗಳು ಕೈಬದಲಾಗುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದನ್ನು ಕಂಡವರು ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, 1928ರಲ್ಲಿ. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನ ನಿರುಪದ್ರವಿ ತಳಿಯನ್ನೂ, ಕಾಯಿಸಿ ಕೊಂದ ಮಾರಕ ತಳಿಯನ್ನೂ ಬೆರೆಸಿ ಇಲಿಗೆ ಚುಚ್ಚಿದರು. ಎರಡರಲ್ಲಿ ಯಾವುದೊಂದನ್ನೇ ಚುಚ್ಚಿದ್ದರೂ ಇಲಿ ಬದುಕುತ್ತಿತ್ತು, ಬೆರೆಸಿದಾಗ ಸತ್ತಿತು. ಸತ್ತ ಇಲಿಯ ರಕ್ತದಲ್ಲಿ ಜೀವಂತ ಮಾರಕ ತಳಿ ಈಜಾಡುತ್ತಿತ್ತು. ಸತ್ತದ್ದರಿಂದ ಬದುಕಿದ್ದಕ್ಕೆ ಏನೋ ದಾಟಿತ್ತು. ಆ ‘ಏನೋ’ ಡಿಎನ್‌ಎ ಎಂದು ನ್ಯೂಯಾರ್ಕಿನಲ್ಲಿ ಓಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯಾಡ್, ಮ್ಯಾಕ್ಲಿನ್ ಮೆಕಾರ್ಟಿ 1944ರಲ್ಲಿ ತೋರಿಸಿದರು. ಡಿಎನ್‌ಎಯೇ ವಂಶಗುಣಗಳ ಹೊತ್ತಿಗೆಯೆಂದು ಲೋಕ ತಿಳಿದದ್ದು ರೋಗಾಣುಗಳ ಈ ಎರವಲು ವ್ಯವಹಾರದಿಂದ. ಎರಡನೇ ದಾರಿಯಲ್ಲಿ ಎರಡು ಬ್ಯಾಕ್ಟೀರಿಯಾಗಳು ಮೈಗೆ ಮೈ ತಾಗಿಸಿ ಡಿಎನ್‌ಎ ದಾಟಿಸುತ್ತವೆ. ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ 1946ರಲ್ಲಿ ಇದನ್ನು ಕಂಡರು. ಬ್ಯಾಕ್ಟೀರಿಯಾಗಳಿಗೆ ತಗುಲುವ ವೈರಸ್‌ಗಳು, ಅಂದರೆ ಫೇಜ್‌ಗಳು, ಸಾಗಣೆದಾರರಾಗುವುದು ಮೂರನೇ ದಾರಿ. 1952ರಲ್ಲಿ ನಾರ್ಟನ್ ಜಿಂಡರ್ ಮತ್ತು ಲೆಡರ್‌ಬರ್ಗ್ ಪತ್ತೆ ಮಾಡಿದ್ದು.

ಕಾಲರಾ ರೋಗಾಣು ಈ ಮೂರು ದಾರಿಗಳನ್ನೂ ಬಲ್ಲದು. ಅದರ ವಿಷದ ವಂಶವಾಹಿಯೇ ಒಂದು ವೈರಸ್ಸಿನ ಸೊತ್ತು ಎಂಬುದನ್ನು ಅಮೆರಿಕದ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ 1996ರಲ್ಲಿ ತೋರಿಸಿದರು. ಸಿಟಿಎಕ್ಸ್ ಎಂಬ ಫೇಜ್ ವಿಷದ ವಂಶವಾಹಿಯನ್ನು ಹೊತ್ತು ವಿಬ್ರಿಯೊ ಒಳಗೆ ಹೊಕ್ಕು ಅದರ ಡಿಎನ್‌ಎಯಲ್ಲಿ ಸೇರಿಕೊಳ್ಳುತ್ತದೆ. ಒಳಗೆ ಹೊಗುವುದಕ್ಕೆ ಅದು ಬಳಸುವುದು, ರೋಗಾಣು ನಮ್ಮ ಕರುಳಿನಲ್ಲಿ ನೆಲೆಯೂರಲು ಬೆಳೆಸಿಕೊಳ್ಳುವ ಕೂದಲಿನಂಥ ಎಳೆಗಳನ್ನು. ಎಂದರೆ ರೋಗಾಣು ನಮ್ಮೊಳಗೆ ನೆಲೆಯೂರಲು ಹೊರಟಾಗಲೇ ವಿಷದ ವೈರಸ್ಸಿಗೆ ಬಾಗಿಲು ತೆರೆದಿರುತ್ತದೆ. ವಾಂತಿಭೇದಿ ಬಂದವರ ಹೊಟ್ಟೆಯಲ್ಲಿ ಎರಡು ತಳಿಗಳು ಜೊತೆಗಿದ್ದರೆ ವಿನಿಮಯಕ್ಕೆ ಬೇರೆ ಜಾಗ ಬೇಕಿಲ್ಲ.

ಎರಡನೇ ಉದಾಹರಣೆಯೂ ದಕ್ಷಿಣ ಭಾರತದ್ದೇ. 1992ರ ಅಕ್ಟೋಬರ್ ಹೊತ್ತಿಗೆ ಮದ್ರಾಸಿನಲ್ಲಿ ಹೊಸ ಬಗೆಯ ಕಾಲರಾ ಎದ್ದಿತು. ಕಾಲರಾಕ್ಕೆ ಒಗ್ಗಿಹೋದ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಮಕ್ಕಳು ಹೆಚ್ಚು ನರಳುತ್ತಾರೆ. ಈ ಬಾರಿ ದೊಡ್ಡವರೂ ಉದುರಿದರು. ಹಿಂದೆ ಸೋಂಕು ತಗುಲಿ ಬಂದಿದ್ದ ರಕ್ಷಣೆ ಕೆಲಸಕ್ಕೆ ಬರಲಿಲ್ಲ. ಕಾರಣ, ಓ139 ಎಂದು ಹೆಸರಿಟ್ಟ ಈ ರೋಗಾಣು ಎಲ್ ಟಾರ್‌ನದೇ ಮಗುವಾಗಿದ್ದರೂ ತನ್ನ ಹೊರಮೈಯ ಸಕ್ಕರೆ ಹೊದಿಕೆಯನ್ನು ನಿರ್ಮಿಸುವ ವಂಶವಾಹಿಗಳ ಇಡೀ ಗುಂಪನ್ನೇ ಬದಲಿಸಿಕೊಂಡಿತ್ತು. ನಮ್ಮ ರೋಗನಿರೋಧಕ ವ್ಯವಸ್ಥೆ ಶತ್ರುವನ್ನು ಗುರುತಿಸುವುದು ಆ ಹೊದಿಕೆಯಿಂದ. ಒಂದೊಂದೇ ಅಕ್ಷರ ತಿದ್ದುತ್ತಾ ಹೋದರೆ ಇಂಥ ಬದಲಾವಣೆಗೆ ಎಷ್ಟು ಕಾಲ ಬೇಕೋ! ಮರುಸಂಯೋಜನೆಗೆ ಒಂದೇ ಏಟು ಸಾಕಾಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಮೆಲಾನಿ ಬ್ಲೋಕೆಶ್ ಮತ್ತು ಗ್ಯಾರಿ ಸ್ಕೂಲ್ನಿಕ್ 2007ರಲ್ಲಿ ಇದನ್ನೇ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು. ಏಡಿ, ಸೀಗಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಮೇಲೆ ವಿಬ್ರಿಯೊ ಬೆಳೆದಾಗ ಅದು ಸುತ್ತಲಿನ ಡಿಎನ್‌ಎಯನ್ನು ಒಳಗೆಳೆದುಕೊಂಡು ಹೊದಿಕೆಯ ವಂಶವಾಹಿಗಳನ್ನು ಬದಲಿಸಿಕೊಂಡಿತು. ಹೊಳೆ ಸಮುದ್ರ ಕೂಡುವ ಅಳಿವೆಗಳಲ್ಲಿ ವಿಬ್ರಿಯೊ ಅಂಟಿಕೊಂಡು ಬದುಕುವುದು ಇಂಥ ಚಿಪ್ಪುಗಳಿಗೇ.

ಒಳಗೆಳೆದುಕೊಳ್ಳುವ ಆ ಕ್ಷಣವನ್ನು 2018ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಅಂಕುರ್ ದಾಲಿಯಾ ಅವರ ತಂಡ ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿತು. ಮನುಷ್ಯನ ಕೂದಲಿಗಿಂತ ಹತ್ತು ಸಾವಿರ ಪಟ್ಟು ತೆಳುವಾದ ಎಳೆಯೊಂದನ್ನು ವಿಬ್ರಿಯೊ ಹೊರಚಾಚುತ್ತದೆ, ತುದಿಗೆ ಡಿಎನ್‌ಎ ತಾಗುತ್ತದೆ, ಎಳೆ ಸರ್ರನೆ ಹಿಂದಕ್ಕೆ ಸೇರಿ ಡಿಎನ್‌ಎಯನ್ನು ಒಳಗೆ ತರುತ್ತದೆ. ಅದು ಯಾರದೋ ಸತ್ತವರ ಡಿಎನ್‌ಎಗಾಗಿ ಕಾಯುತ್ತ ಕೂರುವುದೂ ಇಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಹೋದ ಮೇಲೆ ಬ್ಲೋಕೆಶ್ ತಂಡ 2015ರಲ್ಲಿ ಕಂಡದ್ದು ಇನ್ನೂ ಒರಟು ಸಂಗತಿ: ವಿಬ್ರಿಯೊ ನೆರೆಯ ಬ್ಯಾಕ್ಟೀರಿಯಾಕ್ಕೆ ಸೂಜಿಯಂಥ ಅಂಗದಿಂದ ವಿಷ ಚುಚ್ಚಿ ಕೊಲ್ಲುತ್ತದೆ, ಸತ್ತದ್ದರ ಡಿಎನ್‌ಎ ಹೊರಚೆಲ್ಲಿದಾಗ ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಹೀಗೆ ಒಂದೇ ಸಲಕ್ಕೆ ಒಂದೂವರೆ ಲಕ್ಷ ಅಕ್ಷರಗಳಿಗೂ ಮೀರಿದ ಭಾಗ ಬದಲಾಗಬಲ್ಲದು ಎಂದು ಅದೇ ತಂಡ ಆಮೇಲೆ ಲೆಕ್ಕ ಹಾಕಿತು. ವಿಬ್ರಿಯೊದ ಇಡೀ ಡಿಎನ್‌ಎ ಸುಮಾರು 40 ಲಕ್ಷ ಅಕ್ಷರಗಳದ್ದು.

ಮರುಸಂಯೋಜನೆಯ ಪಾಲೆಷ್ಟು, ಅಕ್ಷರ ತಪ್ಪುಗಳ ಪಾಲೆಷ್ಟು? ಇದಕ್ಕೆ ಸ್ಪಷ್ಟವಾದ ಲೆಕ್ಕವೊಂದು ಗ್ರಿಫಿತ್‌ರ ಅದೇ ನ್ಯುಮೊಕಾಕಸ್‌ನಿಂದ ಬಂತು. ಲೋಕದಾದ್ಯಂತ ಹರಡಿದ ಅದರ ಒಂದೇ ವಂಶದ 240 ಮಾದರಿಗಳ ಡಿಎನ್‌ಎಯನ್ನು ನಿಕೋಲಸ್ ಕ್ರೌಚರ್ ಮತ್ತು ಸಂಗಡಿಗರು ಪೂರ್ತಿ ಓದಿ 2011ರಲ್ಲಿ ಪ್ರಕಟಿಸಿದರು. ಮಾದರಿಗಳ ನಡುವೆ ಕಂಡ 57 ಸಾವಿರ ಚಿಲ್ಲರೆ ಅಕ್ಷರ ವ್ಯತ್ಯಾಸಗಳಲ್ಲಿ 50 ಸಾವಿರಕ್ಕೂ ಹೆಚ್ಚು ಎರವಲು ತುಂಡುಗಳ ಜೊತೆ ಬಂದವು. ಏಳುನೂರು ಸಲ ತುಂಡುಗಳು ಕೈಬದಲಾಗಿದ್ದವು. ಬದಲಾವಣೆ ಹೆಚ್ಚಾಗಿ ಆದದ್ದು ಹೊರಹೊದಿಕೆಯ ವಂಶವಾಹಿಗಳಂಥ ಆಯಕಟ್ಟಿನ ಜಾಗಗಳಲ್ಲಿ. ಲಸಿಕೆಗಳು ಗುರಿಯಿಡುವುದೂ ಆ ಹೊದಿಕೆಗೇ. ಕೆಲವು ಮಾದರಿಗಳಂತೂ ಲಸಿಕೆ ಗುರುತಿಸದ ಹೊದಿಕೆಗೆ ಬದಲಾಗಿದ್ದವು. ಭಾರತದಲ್ಲಿ ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶದ ಎಲ್ಲ ಮಕ್ಕಳಿಗೆ ವಿಸ್ತರಿಸಿತು. ಅದು ಜೀವ ಉಳಿಸುತ್ತಿದೆ, ಅನುಮಾನವಿಲ್ಲ. ಹೊದಿಕೆ ಬದಲಿಸುವ ರೋಗಾಣುವಿನ ಮೇಲೆ ಕಣ್ಣಿಟ್ಟಿರುವುದೂ ಲಸಿಕೆಯ ಕೆಲಸದ ಭಾಗವೇ.

ಎಲ್ಲ ರೋಗಾಣುಗಳೂ ಹೀಗಲ್ಲ. ಕ್ಷಯದ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಒಂಟಿಯಾಗಿಯೇ ಬದುಕುತ್ತದೆ. ಔಷಧಕ್ಕೆ ಅದು ಮಣಿಯದಂತಾಗುವುದು ತನ್ನದೇ ಅಕ್ಷರ ತಪ್ಪುಗಳಿಂದ. ಅದಕ್ಕೇ ಕ್ಷಯಕ್ಕೆ ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಎಲ್ಲಕ್ಕೂ ಬೇಕಾದ ತಪ್ಪುಗಳು ಒಂದೇ ಕೋಶದಲ್ಲಿ ಒಮ್ಮೆಗೇ ಆಗುವ ಸಂಭವ ತೀರಾ ಕಡಿಮೆ. ಎರವಲು ಪಡೆಯುವ ರೋಗಾಣುಗಳ ಮುಂದೆ ಈ ಲೆಕ್ಕ ನಡೆಯುವುದಿಲ್ಲ. 1950ರ ದಶಕದಲ್ಲಿ ಜಪಾನಿನ ವೈದ್ಯರಿಗೆ ಇದು ಮೊದಲು ಅರಿವಾಯಿತು. ರಕ್ತಭೇದಿ ತರುವ ಶಿಗೆಲ್ಲಾ ನಾಲ್ಕು ಔಷಧಗಳಿಗೆ ಒಟ್ಟಿಗೆ ಪ್ರತಿರೋಧ ತೋರಿತು. ಅದೇ ರೋಗಿಗಳ ಕರುಳಿನ ಸಾಧು ಇ. ಕೊಲೈ ಕೂಡ ಅದೇ ನಾಲ್ಕಕ್ಕೆ ಜಗ್ಗಲಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ನಾಲ್ಕೂ ಪ್ರತಿರೋಧಗಳು ಒಂದೇ ಕಟ್ಟಾಗಿ ದಾಟುತ್ತಿದ್ದವು.

ಕಾಲರಾದಲ್ಲಿ ಇಂಥ ಕಟ್ಟಿಗೆ ಎಸ್‌ಎಕ್ಸ್‌ಟಿ ಎಂದು ಹೆಸರು. ಮದ್ರಾಸಿನ ಓ139ರಲ್ಲೇ ಅದು ಮೊದಲು ಸಿಕ್ಕಿದ್ದು. ಸುಮಾರು ಒಂದು ಲಕ್ಷ ಅಕ್ಷರಗಳ ಈ ತುಂಡಿನಲ್ಲಿ ಕೋ-ಟ್ರೈಮಾಕ್ಸಜೋಲ್, ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೊಮೈಸಿನ್‌ಗಳನ್ನು ತಡೆಯುವ ವಂಶವಾಹಿಗಳಿವೆ. ಅದು ವಿಬ್ರಿಯೊದ ಡಿಎನ್‌ಎಯಲ್ಲಿ ಸುಮ್ಮನೆ ಮಲಗಿರುತ್ತದೆ. ಎಚ್ಚರಾಗುವುದು ಯಾವಾಗ? 2004ರಲ್ಲಿ ವಾಲ್ಡರ್ ತಂಡ ಕೊಟ್ಟ ಉತ್ತರ ಹೈದರಾಬಾದಿನವರು ಓದಲೇಬೇಕಾದ್ದು. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್, ಜನ ಸಿಪ್ರೊ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಅದೇ ಮಾತ್ರೆ, ಬ್ಯಾಕ್ಟೀರಿಯಾದ ಡಿಎನ್‌ಎಗೆ ಹಾನಿ ಮಾಡುತ್ತದೆ. ಹಾನಿ ಸರಿಪಡಿಸಲು ಬ್ಯಾಕ್ಟೀರಿಯಾ ತುರ್ತು ರಿಪೇರಿಗೆ ಇಳಿಯುತ್ತದೆ, ರೆಕ್‌ಎ ಚುರುಕಾಗುತ್ತದೆ. ಎಸ್‌ಎಕ್ಸ್‌ಟಿಯನ್ನು ಮಲಗಿಸಿದ್ದ ಪ್ರೋಟೀನ್ ಅದೇ ಗದ್ದಲದಲ್ಲಿ ಮುರಿಯುತ್ತದೆ. ತುಂಡು ಎದ್ದು, ಕತ್ತರಿಸಿಕೊಂಡು, ಪಕ್ಕದ ಬ್ಯಾಕ್ಟೀರಿಯಾಕ್ಕೆ ಹೊರಡುತ್ತದೆ. ಕೊಲ್ಲುವಷ್ಟು ಸಿಪ್ರೊ ಇದ್ದರೆ ಸರಿ. ಕೊಲ್ಲದೆ ನೋಯಿಸುವಷ್ಟೇ ಇದ್ದರೆ ವಿನಿಮಯ ಹಲವು ಪಟ್ಟು ಹೆಚ್ಚುತ್ತದೆ.

ನೋಯಿಸುವಷ್ಟು ಸಿಪ್ರೊ ಹೊಳೆಹಳ್ಳಗಳಲ್ಲಿ ಎಲ್ಲಿರುತ್ತದೆ? ಬೀದರ್‌ನಿಂದ ಜಹೀರಾಬಾದ್ ದಾಟಿ ಹೈದರಾಬಾದಿಗೆ ಬರುವ ಬಸ್ಸು ನಗರ ಹೊಗುವ ಮುನ್ನ ಪಟಾನ್‌ಚೆರು ಹಾಯುತ್ತದೆ. ಲೋಕಕ್ಕೆ ಅಗ್ಗದ ಔಷಧ ಕೊಡುವ ಕಾರ್ಖಾನೆಗಳ ಸಾಲು ಅಲ್ಲಿದೆ. ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಅಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯನೀರನ್ನು ಶುದ್ಧೀಕರಿಸುವ ಸಾಮೂಹಿಕ ಘಟಕದಿಂದ ಹೊರಬಂದ ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ‘ಶುದ್ಧವಾದ’ ಆ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಒಂದು ದಿನಕ್ಕೆ ಹೊಳೆ ಸೇರುತ್ತಿದ್ದ ಸಿಪ್ರೊ ಸುಮಾರು 45 ಕಿಲೊ ಎಂದು ಅವರ ಅಂದಾಜು. 90 ಲಕ್ಷ ಜನರ ಸ್ವೀಡನ್ ಐದು ದಿನಕ್ಕೆ ನುಂಗುವಷ್ಟು. ಆ ನೀರು ಇಸಕವಾಗು, ನಕ್ಕವಾಗು ಹಳ್ಳಗಳ ಮೂಲಕ ಬೀದರ್ ಜಿಲ್ಲೆ ಹಾದು ಬರುವ ಮಾಂಜ್ರಾ ನದಿಯ ಕಡೆ ಹರಿಯುತ್ತಿತ್ತು. ಹರಿಯುತ್ತ ತೆಳುವಾದಂತೆ ಕೊಲ್ಲುವ ಪ್ರಮಾಣ ಕೆರಳಿಸುವ ಪ್ರಮಾಣಕ್ಕೆ ಇಳಿಯುತ್ತದೆ. ಮುಂದೆ ಘಟಕದ ನೀರನ್ನು ಕೊಳವೆಯಲ್ಲಿ ಅಂಬರ್‌ಪೇಟ್‌ನ ಕೊಳಚೆ ಶುದ್ಧೀಕರಣ ಘಟಕಕ್ಕೆ ತಂದು, ನಗರದ ಮಲಮೂತ್ರದ ನೀರಿನೊಡನೆ ಸೇರಿಸಿ, ಮೂಸಿಗೆ ಬಿಡುವ ವ್ಯವಸ್ಥೆ ಮಾಡಿದರು. ಹಳ್ಳಿಗಳ ಹಳ್ಳಕ್ಕೆ ಅದರಿಂದ ಒಳ್ಳೆಯದಾಗಿರಬಹುದು. ರೋಗಾಣು ವಿಕಾಸದ ದೃಷ್ಟಿಯಿಂದ ನೋಡಿದರೆ, ಲಕ್ಷಾಂತರ ಜನರ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಔಷಧದ ಶೇಷವನ್ನೂ ಒಂದೇ ತೊಟ್ಟಿಗೆ ತರುವುದಕ್ಕಿಂತ ಕೆಟ್ಟ ಯೋಜನೆ ಊಹಿಸುವುದು ಕಷ್ಟ.

ಪರಿಣಾಮವನ್ನೂ ವಿಜ್ಞಾನಿಗಳು ಅಳೆದಿದ್ದಾರೆ. 2011ರಲ್ಲಿ ಲಾರ್ಸನ್ ಅವರ ಬಳಗವೇ ಆ ಹಳ್ಳದ ಕೆಸರಿನಲ್ಲಿ ಪ್ರತಿರೋಧದ ವಂಶವಾಹಿಗಳ ರಾಶಿಯನ್ನೂ, ಅವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಡಿಎನ್‌ಎ ತುಂಡುಗಳನ್ನೂ ಕಂಡಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ತಂದು ಬೆಳೆಸಿದ ಬ್ಯಾಕ್ಟೀರಿಯಾ ತಳಿಗಳಲ್ಲಿ ಶೇ 86 ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗಲಿಲ್ಲ. 2016ರ ನವೆಂಬರ್‌ನಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಕ್ರಿಸ್ಟೋಫ್ ಲ್ಯೂಬರ್ಟ್ ತಂಡ ಹೈದರಾಬಾದ್ ಸುತ್ತಮುತ್ತ 28 ಕಡೆ ನೀರು ತೆಗೆಯಿತು. ಎಲ್ಲ ಕಡೆಯೂ ಔಷಧದ ಅಂಶ ಸಿಕ್ಕಿತು, ಶೇ 95ಕ್ಕೂ ಹೆಚ್ಚು ಮಾದರಿಗಳಲ್ಲಿ ಹಲವು ಔಷಧಗಳಿಗೆ ಬಗ್ಗದ ರೋಗಾಣುಗಳಿದ್ದವು.

ವಿನಿಮಯದ ಬೆಲೆ ಏನೆಂದು ತಿಳಿಯಲು ಇನ್ನೊಂದು ಹೈದರಾಬಾದಿಗೆ, ಪಾಕಿಸ್ತಾನದ ಸಿಂಧ್ ಪ್ರಾಂತದ್ದಕ್ಕೆ, ಹೋಗಬೇಕು. 2016ರ ಕೊನೆಯಲ್ಲಿ ಅಲ್ಲಿ ಐದು ಬಗೆಯ ಔಷಧಗಳಿಗೆ ಬಗ್ಗದ ಟೈಫಾಯ್ಡ್ ಎದ್ದಿತು. ಮೊದಲೇ ಹಲವು ಔಷಧಗಳನ್ನು ತಡೆಯುತ್ತಿದ್ದ ಟೈಫಾಯ್ಡ್ ತಳಿ, ಇ. ಕೊಲೈಯಂಥ ಕರುಳಿನ ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ಒಂದನ್ನು ಪಡೆದದ್ದೇ ಕಾರಣವೆಂದು 2018ರಲ್ಲಿ ಡಿಎನ್‌ಎ ಓದು ತೋರಿಸಿತು. ಬಾಯಿಂದ ಕೊಡಬಹುದಾದ ಔಷಧವಾಗಿ ಅಜಿಥ್ರೊಮೈಸಿನ್ ಒಂದೇ ಉಳಿಯಿತು. ಆ ಊರಿನ ಮಕ್ಕಳಿಗೆ ಕೊಟ್ಟ ಲಸಿಕೆ ಟೈಪ್‌ಬಾರ್ ಟಿಸಿವಿ. ತಯಾರಾದದ್ದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ. ಗಡಿಯ ಎರಡು ಬದಿಯ ಎರಡು ಹೈದರಾಬಾದುಗಳನ್ನು ಕಾಯಿಲೆಯೂ ಲಸಿಕೆಯೂ ಹೀಗೆ ಕೂಡಿಸಿದ್ದು ಚರಿತ್ರೆಯ ವಿಚಿತ್ರ.

ಮರುಸಂಯೋಜನೆ ಎಂದರೆ ಬರೀ ಕೇಡಿನ ಕಥೆ ಎನ್ನುವಂತೆಯೂ ಇಲ್ಲ. ಹೊಟ್ಟೆಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಪೈಲೋರಿ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು. ಒಬ್ಬರ ಹೊಟ್ಟೆಯಲ್ಲಿ ಎರಡು ತಳಿಗಳು ಸೇರಿದರೆ ಸಾಕು, ತುಂಡುಗಳ ಅದಲುಬದಲು ಶುರು. ಬಹುಮಟ್ಟಿಗೆ ಅದು ಮನೆಯೊಳಗೆ, ಹೆತ್ತವರಿಂದ ಮಕ್ಕಳಿಗೆ ದಾಟುವುದರಿಂದ ಮನುಷ್ಯರ ವಲಸೆಯ ಜಾಡೂ ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ. ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರ ಸಿಡಿಎಫ್‌ಡಿಯಲ್ಲಿ ನಿಯಾಜ್ ಅಹ್ಮದ್ ಅವರ ತಂಡ 2007ರಲ್ಲಿ ಭಾರತದ ಬೇರೆಬೇರೆ ಜನಸಮುದಾಯಗಳ ಪೈಲೋರಿ ತಳಿಗಳನ್ನು ಓದಿ, ಅವು ಯುರೋಪಿನ ತಳಿಗಳೊಡನೆ ಪ್ರಾಚೀನ ನಂಟು ಹೊಂದಿವೆ ಎಂದಿತು. ಆಲ್ಪ್ಸ್ ಪರ್ವತದ ಹಿಮದಲ್ಲಿ 5,300 ವರ್ಷ ಕೆಡದೆ ಉಳಿದ ‘ಓಟ್ಜಿ’ ಎಂಬ ಮನುಷ್ಯನ ಶವದ ಹೊಟ್ಟೆಯಿಂದ 2016ರಲ್ಲಿ ಪೈಲೋರಿ ಸಿಕ್ಕಿತು. ಇಂದಿನ ಯುರೋಪಿನ ತಳಿ ಎರಡು ಮೂಲಗಳ ಬೆರಕೆ. ಓಟ್ಜಿಯದು ಬೆರಕೆಯಾಗುವ ಮುಂಚಿನದಕ್ಕೆ ಹತ್ತಿರ, ಅದಕ್ಕೆ ಇಂದು ಹೋಲುವ ತಳಿಗಳು ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿವೆ. ಯುರೋಪಿಗೆ ಬೇರೆ ಜನ ಬಂದು ಸೇರಿದ್ದು ಓಟ್ಜಿಯ ಕಾಲದ ನಂತರವೂ ಮುಂದುವರಿದಿತ್ತು ಎಂಬುದಕ್ಕೆ ಹೊಟ್ಟೆಯ ಬ್ಯಾಕ್ಟೀರಿಯಾ ಸಾಕ್ಷಿ ಹೇಳಿತು.

ಭೋಲಕ್‌ಪುರಕ್ಕೆ ಮರಳಿದರೆ, ಅಲ್ಲಿನ ಸಾವುಗಳನ್ನು ತಡೆಯಲು ವಂಶವಾಹಿ ವಿಜ್ಞಾನ ಬೇಕಿರಲಿಲ್ಲ. ಗಟ್ಟಿ ಪೈಪು, ತಕ್ಕಷ್ಟು ಕ್ಲೋರಿನ್, ಭೇದಿ ಶುರುವಾದ ಕೂಡಲೇ ಓಆರ್‌ಎಸ್, ಹದಗೆಟ್ಟವರಿಗೆ ತಡಮಾಡದೆ ಡ್ರಿಪ್, ಇಷ್ಟು ಸಾಕಿತ್ತು. ಕಾಲರಾಕ್ಕೆ ಮೊದಲ ಮದ್ದು ಆ್ಯಂಟಿಬಯಾಟಿಕ್ ಅಲ್ಲ, ಉಪ್ಪು ಸಕ್ಕರೆ ಬೆರೆತ ನೀರು. ವಿಜ್ಞಾನ ಬೇಕಾಗುವುದು ಮುಂದಿನ ಭೋಲಕ್‌ಪುರಕ್ಕೆ: ಹೊಸ ಬೆರಕೆ ಎಲ್ಲಿ ಹುಟ್ಟುತ್ತಿದೆ, ಯಾವ ಔಷಧ ಕೈಕೊಡಲಿದೆ ಎಂದು ಮುಂಚೆಯೇ ತಿಳಿಯುವುದಕ್ಕೆ. ಕೋವಿಡ್ ಕಾಲದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಕೊಳಚೆ ನೀರಿನಲ್ಲಿ ವೈರಸ್ಸಿನ ಜಾಡು ಹಿಡಿದಿತ್ತು. ಬ್ಯಾಕ್ಟೀರಿಯಾಗಳಿಗೂ ಅದೇ ಕ್ರಮವನ್ನು ವರ್ಷವಿಡೀ ನಡೆಸುವುದು ಈ ನಗರಕ್ಕೆ ಆಗದ ಕೆಲಸವಲ್ಲ.

ಆ್ಯಂಟಿಬಯಾಟಿಕ್ ಪ್ರತಿರೋಧದ ಮಾತು ಬಂದಾಗಲೆಲ್ಲ ಬೈಗುಳ ತಿನ್ನುವವರು ಕೋರ್ಸು ಮುಗಿಸದ ರೋಗಿ, ಚೀಟಿ ಇಲ್ಲದೆ ಮಾತ್ರೆ ಕೊಟ್ಟ ಅಂಗಡಿಯವ. ಅವರ ತಪ್ಪು ಇಲ್ಲವೆಂದಲ್ಲ. ದಿನಕ್ಕೆ 45 ಕಿಲೊ ಸಿಪ್ರೊ ಹೊಳೆಗೆ ಹೋಗುತ್ತಿದ್ದ ಊರಿನಲ್ಲಿ ಅರ್ಧ ಪಟ್ಟಿ ಮಾತ್ರೆಯ ಲೆಕ್ಕ ದೊಡ್ಡದಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿಗಳನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯ ಕರಡಿನಲ್ಲಿ ಪಟ್ಟಿ ಮಾಡಿತ್ತು. 2021ರ ಆಗಸ್ಟ್‌ನಲ್ಲಿ ಹೊರಬಂದ ಅಂತಿಮ ಅಧಿಸೂಚನೆಯಲ್ಲಿ ಆ ಪಟ್ಟಿ ಇರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯಕ್ಕೆ ಮಾರ್ಗಸೂಚಿ ಪ್ರಕಟಿಸಿದೆ. ಕೈಬಿಟ್ಟ ಪಟ್ಟಿಯನ್ನು ಮತ್ತೆ ಸೇರಿಸಲು ಇನ್ನು ನೆಪ ಉಳಿದಿಲ್ಲ.